ಕ್ರೋನೋ ಟ್ರಿಗರ್ ಗೇಮಿನ ಕಥೆಯನ್ನು ಜನ ಇಷ್ಟೊಂದು ಹೊಗಳೋದು ಯಾಕೆ?

1995ರ ಗೇಮು, ಚುಕ್ಕಿ ಚುಕ್ಕಿ ಗ್ರಾಫಿಕ್ಸು, ಚಿಕ್ಕಂದಿನಲ್ಲಿ ಆಡಿದವರು ಆ ಮೋಹಕ್ಕೆ ಹೊಗಳ್ತಾರಾ ಅಂತ ಕೇಳಿದ್ದೀರಿ. ನನಗೆ ಆ ಮೋಹವೇ ಇಲ್ಲ. ಈ ಗೇಮು ಮೊದಲು ಬಂದ ಸೂಪರ್ ನಿಂಟೆಂಡೊ ಅನ್ನೋ ಗೇಮ್ ಯಂತ್ರವನ್ನು ನಾನು ಕಣ್ಣಲ್ಲೂ ಕಂಡವನಲ್ಲ. ದೊಡ್ಡವನಾದ ಮೇಲೆ, ಆಫೀಸ್ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಆಡಿದ್ದು. ಆದರೂ ಹೊಗಳುವವರ ಸಾಲಿನಲ್ಲೇ ಇದ್ದೇನೆ.

ಕಥೆ ಕ್ರಿ.ಶ. 1000ದಲ್ಲಿ, ಗಾರ್ಡಿಯಾ ರಾಜ್ಯದ ಜಾತ್ರೆಯಲ್ಲಿ ಶುರುವಾಗುತ್ತದೆ. ಒಬ್ಬ ಹುಡುಗಿಗೆ ಡಿಕ್ಕಿ ಹೊಡೆಯುತ್ತೀರಿ, ಅವಳ ಪೆಂಡೆಂಟ್ ಬೀಳುತ್ತದೆ. ಪಕ್ಕದಲ್ಲೆಲ್ಲೋ ಮೇಜಿನ ಮೇಲೆ ಯಾರದೋ ಊಟ ಇರುತ್ತದೆ. ಗೇಮ್ ಅಲ್ವಾ, ಕಂಡಿದ್ದನ್ನೆಲ್ಲ ಒತ್ತೋದು ನಮ್ಮ ಚಾಳಿ. ತಿಂದುಬಿಟ್ಟೆ. ಆಮೇಲೆ ಕಾಲದಲ್ಲಿ ಹಿಂದಕ್ಕೆ, ಕ್ರಿ.ಶ. 600ಕ್ಕೆ ಹೋಗಿ, ಆ ಹುಡುಗಿಯನ್ನು (ಅವಳೇ ರಾಜಕುಮಾರಿ) ಕಾಪಾಡಿ ಕರೆತಂದರೆ, ಅಪಹರಣದ ಕೇಸು ಹಾಕಿ ಕಟಕಟೆಗೆ ನಿಲ್ಲಿಸುತ್ತಾರೆ. ಸಾಕ್ಷಿ ಹೇಳಲು ಯಾರು ಬಂದರು ಗೊತ್ತಾ? ಆ ಊಟದ ಮುದುಕ! ಡಿಕ್ಕಿಯಾದಾಗ ಮೊದಲು ಹುಡುಗಿ ಹತ್ತಿರ ಹೋದೆಯಾ, ಪೆಂಡೆಂಟ್ ಎತ್ತಿಕೊಂಡೆಯಾ ಅನ್ನೋದೂ ವಿಚಾರಣೆಗೆ ಬರುತ್ತದೆ. ಬಸ್ಸಿನಲ್ಲಿ ಒಬ್ಬನೇ ನಕ್ಕೆ, ಆಮೇಲೆ ಮುಖ ಸಣ್ಣದಾಯಿತು. ತೀರ್ಪು ಏನೇ ಬಂದರೂ ಜೈಲು ತಪ್ಪಲ್ಲ, ಅದು ಬೇರೆ ಮಾತು. ಆದರೆ ಅಲ್ಲಿಂದ ಮುಂದೆ ಏನು ಮುಟ್ಟಬೇಕಾದರೂ ಒಮ್ಮೆ ಯೋಚಿಸುತ್ತಿದ್ದೆ.

ಫೈನಲ್ ಫ್ಯಾಂಟಸಿ ಗೇಮಿನ ಹಿರೊನೊಬು ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಗೇಮಿನ ಯೂಜಿ ಹೊರಿಯಿ, ಚಿತ್ರಗಳಿಗೆ ಡ್ರ್ಯಾಗನ್ ಬಾಲ್ ಕಾಮಿಕ್ಸಿನ ಅಕಿರಾ ತೊರಿಯಾಮಾ. ಇಂಥ ಘಟಾನುಘಟಿಗಳು ಸೇರಿ ಮಾಡಿದ ಗೇಮಿದು. ಆದರೂ ಗೇಮಿನಲ್ಲಿ ಮಾತು ಕಡಿಮೆ. ನಾಯಕ ಕ್ರೋನೋ ಅಂತೂ ಬಾಯೇ ಬಿಡಲ್ಲ ಅನ್ನಬಹುದು. ಡೈನೋಸಾರ್ ಕಾಲದ ಭಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ, ಬೇಗ ದಾಟಿಬಿಟ್ಟೆ.

ಇಲ್ಲಿಂದ ಮುಂದೆ ಕಥೆಯ ಗುಟ್ಟಿದೆ, ಆಡುವ ಆಸೆ ಇದ್ದರೆ ಓದಬೇಡಿ.

ಒಣಗಿದ ನೆಲದಲ್ಲಿ ಕಾಡು ಬೆಳೆಸೋಕೆ ಫಿಯೋನಾ ಅನ್ನುವವಳಿಗೆ ನೆರವಾಗಲು ನಮ್ಮ ತಂಡದ ರೋಬೋಟ್ ರೋಬೋ 600ರಲ್ಲೇ ಉಳಿಯುತ್ತಾನೆ. ನೀವು ಟೈಮ್ ಮೆಷಿನ್ ಹತ್ತಿ 1000ಕ್ಕೆ ಬರುತ್ತೀರಿ. ನಿಮಗೆ ಎರಡು ನಿಮಿಷ, ಅವನಿಗೆ 400 ವರ್ಷ. ಕಾಡು ಎದ್ದು ನಿಂತಿರುತ್ತದೆ, ಅವನು ತುಕ್ಕು ಹಿಡಿದು ಕೂತಿರುತ್ತಾನೆ.

ಅವತ್ತು ರಾತ್ರಿ ಎಲ್ಲರೂ ಬೆಂಕಿ ಸುತ್ತ ಮಲಗಿದಾಗ ಕ್ರೋನೋನ ಗೆಳತಿ ಲುಕ್ಕಾ ಒಬ್ಬಳೇ ಎದ್ದು ತನ್ನ ಬಾಲ್ಯಕ್ಕೆ ಹೋಗುತ್ತಾಳೆ. ಅಮ್ಮ ಯಂತ್ರಕ್ಕೆ ಸಿಕ್ಕು ಕಾಲು ಕಳೆದುಕೊಂಡ ದಿನ ಅದು. ಯಂತ್ರ ನಿಲ್ಲಿಸಲು ಪಾಸ್‌ವರ್ಡ್ ಬೇಕು. ಅದು ಅಮ್ಮನ ಹೆಸರೇ, ಲಾರಾ. ಹಳೇ ಕಂಟ್ರೋಲರಿನ ಬಟನ್‌ಗಳಲ್ಲೇ ಎಲ್, ಎ, ಆರ್, ಎ ಅಂತ ಒತ್ತಬೇಕಿತ್ತಂತೆ. ಎಂಥ ತಲೆ ನೋಡಿ!

ಮೊದಲ ಸಲ ನಾನು ತಡಬಡಾಯಿಸಿಬಿಟ್ಟೆ. ಗೇಮ್ ಓವರ್ ಅಂತೇನೂ ಬರಲ್ಲ, ಕಥೆ ಸುಮ್ನೆ ಮುಂದೆ ಹೋಗುತ್ತದೆ. ಮನೆಗೆ ಹೋಗಿ ನೋಡಿದರೆ ಲಾರಾ ನಡೆಯಲಾಗದೆ ಕುರ್ಚಿಯಲ್ಲೇ ಕೂತಿರುತ್ತಾಳೆ. ಪೂರ್ತಿ ಗೇಮನ್ನು ಎರಡನೇ ಸಲ ಆಡಿದ್ದೇ ಅವಳನ್ನು ಎಬ್ಬಿಸೋಕೆ.