‘ಬೈಕ್ ಅಪಹರಣ’ ಎನ್ನಬಹುದೇ?

ಹಾಸನದಿಂದ ಕೇಳಿದ್ದೀರಿ: ‘ಬೈಕ್ ಅಪಹರಣ’ ತಪ್ಪೇ, ‘ಅಪಹರಿತ’ ಸರಿಯೇ ಅಂತ.

‘ಅಪಹರಣ’ದ ಮೂಲವಾದ ಸಂಸ್ಕೃತದ ‘ಹೃ’ ಧಾತುವಿಗೆ ಒಯ್ಯು ಎಂಬ ಅರ್ಥವಿದೆ. ಹಾಗಾಗಿ ವಸ್ತುವಿಗೂ ಅಪಹರಣ ಸಲ್ಲುತ್ತದೆ. ಆದರೆ ಇಂದಿನ ಓದುಗರಿಗೆ ಆ ಪದ ಕಂಡೊಡನೆ ಹೊಳೆಯುವುದು ಮನುಷ್ಯರೇ. ಬೈಕಿಗೆ ‘ಕಳವು’ ಎಂದೇ ಬರೆಯಿರಿ.

‘ಅಪಹರಿತ’ ಬೇಡ, ‘ಅಪಹೃತ’ ಸರಿ. ‘ಬಾಲಕ ಅಪಹರಣವಾದ’ ಅಂತಲೂ ಬೇಡ. ‘ಬಾಲಕನ ಅಪಹರಣವಾಯಿತು’ ಎನ್ನಿ. ಮಾತಿನಲ್ಲಾದರೆ ‘ಎತ್ತಾಕ್ಕೊಂಡು ಹೋದ್ರು’ ಸಾಕು, ಚೆನ್ನಾಗಿಯೂ ಇದೆ.

ವರದಿಗಾರರು ಹೆಚ್ಚಾಗಿ ಎಡವುವುದು ಕಾನೂನಿನಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಮಿನಡಿ, 18 ತುಂಬದವರನ್ನು ಪೋಷಕರ ಒಪ್ಪಿಗೆಯಿಲ್ಲದೆ ಪುಸಲಾಯಿಸಿ ಕರೆದೊಯ್ದರೆ, ಮಗು ಒಪ್ಪಿದ್ದರೂ ಅದು ಕಿಡ್ನ್ಯಾಪ್. 138ರ ಅಬ್ಡಕ್ಷನ್‌ಗೆ ವಯಸ್ಸಿನ ಮಿತಿಯಿಲ್ಲ. ಬಲವಂತ ಅಥವಾ ವಂಚನೆ ಇರಲೇಬೇಕು. ಕನ್ನಡ ಪತ್ರಿಕೆಗಳು ಎರಡನ್ನೂ ‘ಅಪಹರಣ’ ಎನ್ನುವುದರಿಂದ ಕಲಮಿನ ಸಂಖ್ಯೆ ಬಿಡಬೇಡಿ.