ಪರಾವಲಂಬಿಗಳ ಮೈಮೇಲಿನ ಸಕ್ಕರೆಗೂ ಚಾದ ಸಕ್ಕರೆಗೂ ಸಂಬಂಧ ಉಂಟಾ?

ನೀವು ಕೇಳಿದ್ದು ಎರಡು ವಿಷಯ. ಪರಾವಲಂಬಿಗಳು ತಮ್ಮ ಮೈಮೇಲಿರುವ ಸಕ್ಕರೆಯ ಬಲದಿಂದಲೇ ನಮ್ಮೊಳಗೆ ಹೊಗುತ್ತವೆ ಎಂದು ಓದಿದ್ದೀರಿ, ಅದು ನಿಜವಾ? ನಿಜವಾದರೆ, ವೈವಾಕ್ಸ್ ಮಲೇರಿಯ ಬಂದು ಮಲಗಿರುವ ನಿಮ್ಮ ಅಣ್ಣನಿಗೆ ಚಾದ ಸಕ್ಕರೆ ನಿಲ್ಲಿಸಬೇಕಾ?

ಎರಡನೆಯದನ್ನು ಮೊದಲೇ ಹೇಳಿಬಿಡುತ್ತೇನೆ. ಬೇಡ ಮಾರಾಯ್ರೆ. ಡಯಾಬಿಟಿಸ್ ಇಲ್ಲದಿದ್ದರೆ ಅವರು ಧಾರಾಳ ಚಾ ಕುಡಿಯಲಿ, ಜ್ವರದ ಬಾಯಿಗೆ ಅದೊಂದಾದರೂ ರುಚಿ ಹತ್ತಲಿ.

ಮೊದಲನೆಯದಕ್ಕೆ ಸ್ವಲ್ಪ ಉದ್ದದ ಉತ್ತರ ಬೇಕು. ನಾನು ಮಂಗಳೂರಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸದಲ್ಲಿದ್ದೇನೆ. ಜೀವಕೋಶದ ಮೈಮೇಲಿನ ಸಕ್ಕರೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಬ್ಲಡ್ ಗ್ರೂಪ್ ನೋಡುವ ಬಿಳಿ ಟೈಲನ್ನು. ಒಂದು ಹನಿ ರಕ್ತ, ಅದಕ್ಕೆ ಆಂಟಿ-ಎ ಎಂಬ, ಎ ಗುಂಪಿನ ಕಣಗಳನ್ನು ಹಿಡಿಯುವ ನೀಲಿ ದ್ರವ ಒಂದು ಹನಿ. ಕಡ್ಡಿಯಿಂದ ಕಲಸಿ ಟೈಲನ್ನು ಮೆಲ್ಲಗೆ ಆಚೀಚೆ ವಾಲಿಸುತ್ತೇವೆ. ಎ ಗುಂಪಿನ ರಕ್ತವಾದರೆ ಹಾಲು ಒಡೆದ ಹಾಗೆ ಕಾಳುಕಾಳಾಗುತ್ತದೆ. ಎ ಮತ್ತು ಬಿ ಗುಂಪಿಗೆ ಇರುವ ವ್ಯತ್ಯಾಸ ಕೆಂಪು ರಕ್ತಕಣದ ಮೈಮೇಲಿನ ಸಕ್ಕರೆ ಸರದ ತುದಿಯಲ್ಲಿದೆ. ಎ ಗುಂಪಿನಲ್ಲಿ ಅಲ್ಲಿ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್, ಬಿ ಗುಂಪಿನಲ್ಲಿ ಗ್ಯಾಲಕ್ಟೋಸ್, ಓ ಗುಂಪಿನಲ್ಲಿ ಎರಡೂ ಇಲ್ಲ. ಇಷ್ಟೇ ವ್ಯತ್ಯಾಸಕ್ಕೆ ತಪ್ಪು ರಕ್ತ ಏರಿಸಿದರೆ ಜೀವ ಹೋಗಬಹುದು. ಹಾಗಾಗಿ ಇದು ಬಾಯಿಗೆ ಸಿಹಿಯಾಗುವ ಸಕ್ಕರೆಯ ಮಾತಲ್ಲ, ಕೋಶಗಳು ಒಂದನ್ನೊಂದು ಗುರುತು ಹಿಡಿಯುವ ಸಕ್ಕರೆಯ ಮಾತು. ಚಾಕ್ಕೆ ಹಾಕುವ ಸಕ್ಕರೆ ಹೆಚ್ಚಾದರೂ ಕಡಿಮೆಯಾದರೂ ನಿಮ್ಮ ಬ್ಲಡ್ ಗ್ರೂಪ್ ಬದಲಾಗುವುದಿಲ್ಲ ಅಲ್ವಾ?

ಪರಾವಲಂಬಿಗಳ ಪೈಕಿ ಈ ಸಕ್ಕರೆಯನ್ನು ಅತಿ ಜಾಣತನದಿಂದ ಬಳಸುವುದು, ನನ್ನ ಲೆಕ್ಕದಲ್ಲಿ, ಲೀಷ್ಮೇನಿಯ. ಇದರ ಒಂದು ಜಾತಿ ಬಿಹಾರದ ಕಡೆ ಕಾಲಾ ಅಜಾರ್ ಎಂಬ ಜ್ವರ ತರುತ್ತದೆ. ನಾನು ಹೇಳಹೊರಟಿರುವುದು ಚರ್ಮದಲ್ಲಿ ಹುಣ್ಣು ಮಾಡುವ ಲೀಷ್ಮೇನಿಯ ಮೇಜರ್ ಎಂಬ ಇನ್ನೊಂದರ ಬಗ್ಗೆ. ಇದು ಮರಳುನೊಣದ ಹೊಟ್ಟೆಯಲ್ಲಿ ಬೆಳೆಯುತ್ತದೆ. ನೊಣ ಕುಡಿದ ರಕ್ತ ಜೀರ್ಣವಾಗಿ ಉಳಿದದ್ದು ಹೊರಗೆ ಹೋಗುವಾಗ, ಗಟ್ಟಿಯಾಗಿ ಹಿಡಿದುಕೊಳ್ಳದ ಪರಾವಲಂಬಿಯೂ ಅದರ ಜೊತೆಗೇ ಹೊರಗೆ. ಆಗ ಕೈಹಿಡಿಯುವುದು ಅದರ ಮೈತುಂಬ ಇರುವ ಲಿಪೋಫಾಸ್ಫೋಗ್ಲೈಕಾನ್ ಎಂಬ ಸಕ್ಕರೆ ಸರ. ಆ ಸರದ ಕವಲುಗಳ ತುದಿಯಲ್ಲಿ ಗ್ಯಾಲಕ್ಟೋಸ್ ಇರುತ್ತದೆ. ನೊಣದ ಕರುಳಿನ ಗೋಡೆಯಲ್ಲಿ ಗ್ಯಾಲಕ್ಟೋಸನ್ನೇ ಹಿಡಿಯುವ ಪ್ರೋಟೀನ್ ಉಂಟು, ಇದನ್ನು 2004ರಲ್ಲಿ ಕಂಡುಹಿಡಿದರು. ಎರಡೂ ಕಚ್ಚಿಕೊಳ್ಳುತ್ತವೆ.

ಆದರೆ ಅಂಟಿಕೊಂಡೇ ಕೂತರೆ ಮನುಷ್ಯನ ಮೈಗೆ ಬರುವುದು ಹೇಗೆ? ಹಲಸಿನಹಣ್ಣು ಕೊಯ್ಯುವಾಗ ಮೇಣ ಅಂಟದ ಹಾಗೆ ಕೈಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತೇವಲ್ಲ, ಇದೂ ಹಾಗೆಯೇ ಮಾಡುತ್ತದೆ. ಬೆಳೆದು ತಯಾರಾದಾಗ ಗ್ಯಾಲಕ್ಟೋಸಿನ ಮೇಲೆ ಅರಾಬಿನೋಸ್ ಎಂಬ ಬೇರೆ ಸಕ್ಕರೆಯನ್ನು ಕೂರಿಸುತ್ತದೆ. ಹಿಡಿತ ತಪ್ಪುತ್ತದೆ, ಪರಾವಲಂಬಿ ನೊಣದ ಬಾಯಿಯ ಕಡೆಗೆ ಸಾಗುತ್ತದೆ. ಅಷ್ಟು ಹೊತ್ತಿಗೆ ಸರವೂ ಮೊದಲಿಗಿಂತ ಉದ್ದವಾಗಿರುತ್ತದೆ. ನಮ್ಮ ರಕ್ತದ ಕಾಂಪ್ಲಿಮೆಂಟ್ ಪ್ರೋಟೀನುಗಳು ಅದರ ಮೈಗೆ ತೂತು ಕೊರೆಯಲು ಬಂದರೆ ಈ ದಪ್ಪ ಹೊದಿಕೆ ಅವನ್ನು ದೂರವೇ ತಡೆಯುತ್ತದೆ.

ತಯಾರಾದವು ಯಾವುವು, ಆಗದವು ಯಾವುವು ಎಂದು ಬೇರ್ಪಡಿಸಲು ಪ್ರಯೋಗಾಲಯದಲ್ಲಿ ಬಳಸಿದ್ದು ಏನು ಗೊತ್ತಾ? ನೆಲಗಡಲೆ! ನೆಲಗಡಲೆಯಲ್ಲಿ ಗ್ಯಾಲಕ್ಟೋಸನ್ನು ಹಿಡಿಯುವ ಲೆಕ್ಟಿನ್ ಎಂಬ ಪ್ರೋಟೀನ್ ಉಂಟು. ಅದನ್ನು ಬೆರೆಸಿದರೆ ಎಳೆಯವು ನನ್ನ ಟೈಲಿನ ರಕ್ತದ ಹಾಗೆ ಗುಂಪುಗಟ್ಟುತ್ತವೆ, ಸೋಂಕಿಗೆ ತಯಾರಾದವು ಬಿಡಿಬಿಡಿಯಾಗಿ ಈಜುತ್ತಿರುತ್ತವೆ. 1980ರ ದಶಕದ ಈ ಉಪಾಯ ಮೊದಲ ಸಲ ಓದಿದಾಗ ನನಗೆ ತುಂಬ ಖುಷಿಯಾಗಿತ್ತು. (ನಮ್ಮ ಹಲಸಿನ ಬೀಜದಲ್ಲೂ ಇಂಥದೇ ಒಂದು ಲೆಕ್ಟಿನ್ ಉಂಟು, ಜಕಾಲಿನ್ ಅಂತ ಹೆಸರು.)

ಆಮಶಂಕೆ ತರುವ ಅಮೀಬದ್ದು ಉಲ್ಟಾ ಲೆಕ್ಕ. ಅಲ್ಲಿ ಲೆಕ್ಟಿನ್ ಇರುವುದು ಅಮೀಬದ ಮೈಮೇಲೆ, ಅದು ಹಿಡಿಯುವ ಸಕ್ಕರೆ ನಮ್ಮ ದೊಡ್ಡ ಕರುಳಿನದ್ದು. ಲ್ಯಾಬಿನ ತಟ್ಟೆಯಲ್ಲಿ ಬಿಡಿ ಗ್ಯಾಲಕ್ಟೋಸ್ ಸುರಿದರೆ ಅಮೀಬ ಕೋಶಕ್ಕೆ ಅಂಟುವುದು ಕಡಿಮೆಯಾಗುತ್ತದೆ. ಹಾಗಂತ ಅದನ್ನು ತಿಂದು ವಾಸಿ ಮಾಡಿಕೊಳ್ಳಲು ಆಗುವುದಿಲ್ಲ, ಸಣ್ಣ ಕರುಳೇ ಅದನ್ನು ಹೀರಿಬಿಡುತ್ತದೆ. ಅಮೆರಿಕ ಖಂಡದ ಚಾಗಾಸ್ ರೋಗ ತರುವ ಟ್ರಿಪನೊಸೋಮ ಎಂಬ ಪರಾವಲಂಬಿ ಇನ್ನೂ ಒಂದು ಹೆಜ್ಜೆ ಮುಂದೆ: ನಮ್ಮ ಕೋಶದ ಸಿಯಾಲಿಕ್ ಆಮ್ಲ ಎಂಬ ಸಕ್ಕರೆಯನ್ನು ಕಿತ್ತು ತನ್ನ ಮೈಗೆ ಹಚ್ಚಿಕೊಳ್ಳುತ್ತದೆ. ಸ್ವಂತದ್ದನ್ನು ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ.

ಇನ್ನು ನಿಮ್ಮ ಅಣ್ಣನ ಮಲೇರಿಯ. 1990ರ ದಶಕದಿಂದ ಮಂಗಳೂರಿಗೆ ಇದು ಮನೆಯ ನೆಂಟನ ಹಾಗೆ. ಏಳುತ್ತಿರುವ ಕಟ್ಟಡ, ಮುಚ್ಚದ ಟ್ಯಾಂಕ್, ಬಾವಿ, ಇದನ್ನು ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ಇಷ್ಟೇ ಸಾಕು. ಇಲ್ಲಿ ಸಕ್ಕರೆಯ ಪಾತ್ರ ಅರ್ಧ ದಾರಿಯದ್ದು. ಸೊಳ್ಳೆ ಕಚ್ಚಿದ ಮೇಲೆ ಒಳಬಂದ ಸ್ಪೋರೊಜೊಯಿಟ್ (ಸೊಳ್ಳೆಯಿಂದ ನಮಗೆ ದಾಟುವ ಹಂತದ ಮಲೇರಿಯ ಪರಾವಲಂಬಿ) ಯಕೃತ್ತನ್ನು ಗುರುತಿಸುವುದು ಅಲ್ಲಿನ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರದಿಂದ. ಅದು ನಮ್ಮದೇ ಸಕ್ಕರೆ, ಅದರದ್ದಲ್ಲ. ಆಮೇಲೆ ವೈವಾಕ್ಸ್ ಎಳೆಯ ಕೆಂಪುಕಣಕ್ಕೆ ನುಗ್ಗುವಾಗ ಮುಖ್ಯವಾಗಿ ಹಿಡಿಯುವುದು ಡಫಿ ಎಂಬ ಪ್ರೋಟೀನನ್ನು. ಪಶ್ಚಿಮ ಆಫ್ರಿಕಾದಲ್ಲಿ ಬಹಳ ಜನರ ಕೆಂಪುಕಣದಲ್ಲಿ ಡಫಿ ಇಲ್ಲ, ಅಲ್ಲಿ ವೈವಾಕ್ಸ್ ಅಪರೂಪ. ಹಾಗಾಗಿ "ಸಕ್ಕರೆಯಿಂದಲೇ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಸಕ್ಕರೆ ಡಬ್ಬಿಯನ್ನು ಬಿಟ್ಟು ಮಾತ್ರೆಯ ಚೀಟಿ ನೋಡಿ. ವೈವಾಕ್ಸ್ ಯಕೃತ್ತಿನಲ್ಲಿ ಅವಿತು ಕೂತು ತಿಂಗಳುಗಳ ಮೇಲೆ ಪುನಃ ಏಳುತ್ತದೆ. ಅದಕ್ಕೇ ಪ್ರೈಮಾಕ್ವಿನ್ 14 ದಿನ ಕೊಡುವುದು. ಜ್ವರ ಮೂರು ದಿನಕ್ಕೆ ಬಿಟ್ಟಿತೆಂದು ಮಾತ್ರೆಯನ್ನೂ ಬಿಟ್ಟವರ ಸ್ಲೈಡನ್ನು ಮುಂದಿನ ಮಳೆಗಾಲದಲ್ಲಿ ನಾನು ಮತ್ತೆ ನೋಡಿದ್ದುಂಟು. ಪ್ರೈಮಾಕ್ವಿನ್ ಶುರು ಮಾಡುವ ಮೊದಲು ಜಿ6ಪಿಡಿ (ಕೆಂಪುಕಣವನ್ನು ಕಾಯುವ ಒಂದು ಎಂಜೈಮ್) ಪರೀಕ್ಷೆ ಮಾಡಿಸಿದ್ದಾರಾ ಎಂದೂ ಡಾಕ್ಟರರ ಹತ್ತಿರ ಒಮ್ಮೆ ಕೇಳಿ.