ವಾಹನ ಪ್ರಶ್ನೋತ್ತರ: ಘಾಟಿಯ ಮಳೆಗೆ, ಮುಂಜಾನೆಯ ಚಳಿಗೆ ಯಾವ ಟೈರು?

ಪ್ರಶ್ನೆ: ಮಾನ್ಯರೇ, ಮೂಡಿಗೆರೆ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್ (ಗುಮಾಸ್ತ) ಆಗಿದ್ದೇನೆ. ಮಳೆಗಾಲವಿರಲಿ, ಡಿಸೆಂಬರಿನ ಮಂಜಿರಲಿ, ಬೆಳಗ್ಗೆ ಆರಕ್ಕೆಲ್ಲ ಗಾಡಿ ಹತ್ತಬೇಕು. ಆಗಾಗ ಚಾರ್ಮಾಡಿ ಇಳಿದು ಉಜಿರೆಗೂ ಹೋಗುತ್ತೇನೆ. ನನ್ನದು ಸ್ಪೋಕ್ ಚಕ್ರದ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕು. ಟೈರುಗಳು ಗಾಡಿಯ ಜೊತೆಗೇ ಬಂದವು, ನಾಲ್ಕು ವರ್ಷ ಕಳೆದಿದೆ. ಗೀರುಗಳು ಇನ್ನೂ ಚೆನ್ನಾಗಿಯೇ ಇದ್ದರೂ ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದಂತಾಗುತ್ತದೆ. ಟೈರ್ ಅಂಗಡಿಯವರು ಹಿಂದಕ್ಕೆ 140 ಮಿಲಿಮೀಟರ್ ಅಗಲದ್ದು ಹಾಕಿಸಿ, ಇಲ್ಲವೇ ಎರಡಕ್ಕೂ ಗುಬ್ಬಿಗಳೆದ್ದ ಬಟನ್ ಟೈರು ಹಾಕಿಸಿ, ಮಳೆಗಾಲ ಮುಗಿಯುವವರೆಗೆ ಗಾಳಿ ಐದು ಪೌಂಡ್ ಕಡಿಮೆ ಇಡಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಮೂರೂ ಸಲಹೆಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಗೀರು ಇದೆ, ಆದರೂ ಜಾರುತ್ತದೆ ಎಂದು ನೀವೇ ಬರೆದಿದ್ದೀರಿ; ಉತ್ತರದ ಅರ್ಧ ಅದರಲ್ಲೇ ಇದೆ. ಗೀರುಗಳ ಕೆಲಸ ಚಕ್ರದಡಿಯ ನೀರನ್ನು ಹೊರಗೆ ತಳ್ಳುವುದಷ್ಟೇ. ನೀರು ಸರಿದ ಮೇಲೆ ಡಾಂಬರಿನ ಉಬ್ಬುತಗ್ಗುಗಳಿಗೆ ಕಚ್ಚಿಕೊಳ್ಳಬೇಕಾದದ್ದು ರಬ್ಬರು, ಮತ್ತು ಆ ರಬ್ಬರು ಬಿಸಿಲು, ಗಾಳಿ, ವಯಸ್ಸುಗಳಿಂದ ಗಟ್ಟಿಯಾಗಿಬಿಟ್ಟರೆ ಗೀರು ಎಷ್ಟೇ ಆಳವಿದ್ದರೂ ಪ್ರಯೋಜನವಿಲ್ಲ. ಚಳಿ ಈ ಗಟ್ಟಿತನವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ದೂರು ಹೇಳದ ಟೈರು ಬೆಳಗಿನ ಜಾವ ಅದೇ ತಿರುವಿನಲ್ಲಿ ಅಂಜಿಸುವುದು ಇದೇ ಕಾರಣಕ್ಕೆ.

ಆದ್ದರಿಂದ ಮೊದಲು ಹಳೆಯ ಟೈರನ್ನು ಕೂತು ನೋಡಿ. ಪಕ್ಕದ ಗೋಡೆಯ ಮೇಲೆ ಚಿಕ್ಕ ಚೌಕಟ್ಟಿನೊಳಗೆ ನಾಲ್ಕು ಅಂಕಿಗಳಿರುತ್ತವೆ. 1824 ಎಂದಿದ್ದರೆ ಅದು 2024ರ 18ನೇ ವಾರದಲ್ಲಿ ತಯಾರಾದದ್ದು. ಒಂದು ಮಗ್ಗುಲಲ್ಲಿ ಕಾಣದಿದ್ದರೆ ಇನ್ನೊಂದರಲ್ಲಿ ಹುಡುಕಿ. ಗೀರಿನ ತಳದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದರೆ, ಉಗುರನ್ನು ಒತ್ತಿದಾಗ ಗುರುತೇ ಮೂಡದಿದ್ದರೆ, ಅದನ್ನು ತೆಗೆಸಿಬಿಡುವುದೇ ಸರಿ. ಹೊಸದನ್ನು ಕೊಳ್ಳುವಾಗಲೂ ಈ ಅಂಕಿಗಳನ್ನು ನೋಡದೆ ಹಣ ಕೊಡಬೇಡಿ. ಅಗ್ಗಕ್ಕೆ ಸಿಗುವ ಸೆಕೆಂಡ್‌ಹ್ಯಾಂಡ್ ಟೈರುಗಳಲ್ಲಿ ಸವೆದುಹೋದ ಗೀರುಗಳನ್ನೇ ಬಿಸಿ ಬ್ಲೇಡಿನಿಂದ ಮತ್ತೆ ಕೊರೆದವೂ ಇರುತ್ತವೆ. ಗೀರಿನ ತಳದಲ್ಲಿ ಅಡ್ಡಲಾಗಿ ಇರಬೇಕಾದ ಸವೆತಸೂಚಕ ದಿಬ್ಬವೂ ಕೊರೆದುಹೋಗಿದ್ದರೆ ಅಂಥದ್ದನ್ನು ಮುಟ್ಟಬೇಡಿ.

ಇನ್ನು ಯಾವ ಬಗೆಯದು ಎಂಬ ಮಾತು. ಅತಿ ಹೆಚ್ಚು ಕಿಲೋಮೀಟರ್ ಬಾಳಿಕೆಯ ಭರವಸೆ ಕೊಡುವ ಟೈರು ಸಾಮಾನ್ಯವಾಗಿ ಗಟ್ಟಿ ರಬ್ಬರಿನದು. ಅದಕ್ಕೆ ತದ್ವಿರುದ್ಧವಾದ ಸ್ಪೋರ್ಟ್ಸ್ ಟೈರು ಮೃದುವೇನೋ ಹೌದು, ಆದರೆ ಅದು ಬಿಸಿಯೇರಿದ ಮೇಲೆ ಹಿಡಿಯುವಂಥದ್ದು. 12–15 ಡಿಗ್ರಿ ಚಳಿಯ ಒದ್ದೆ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಅದು ಬಿಸಿಯಾಗುವುದೇ ಇಲ್ಲ. ನಿಮಗೆ ಬೇಕಾದದ್ದು ಇವೆರಡರ ನಡುವಿನ, ರಸ್ತೆ ಪ್ರವಾಸಕ್ಕೆಂದು ಮಾಡಿದ ಟೈರು. ಅದರಲ್ಲೂ ರಬ್ಬರಿಗೆ ಸಿಲಿಕಾ ಬೆರೆಸಿದ್ದೆಂದು ಕಂಪನಿಯ ಕೈಪಿಡಿಯಲ್ಲಿ ಹೇಳಿದ್ದರೆ ಅದನ್ನೇ ಆರಿಸಿ. ಸಿಲಿಕಾ ಇದ್ದ ರಬ್ಬರು ತಂಪಿನಲ್ಲೂ ಬಾಗುವ ಗುಣ ಉಳಿಸಿಕೊಳ್ಳುತ್ತದೆ, ಒದ್ದೆಯಲ್ಲಿ ಅದರ ಹಿಡಿತ ಹೆಚ್ಚು. ಎಂಆರ್‌ಎಫ್, ಸಿಯೆಟ್, ಟಿವಿಎಸ್ ಯೂರೋಗ್ರಿಪ್, ಮಿಶೆಲಿನ್ ಇವುಗಳಲ್ಲಿ ಯಾವುದೇ ಇರಲಿ, ಹೆಸರಿಗಿಂತ ಮಾದರಿ, ಅಳತೆ ಮತ್ತು ತಯಾರಿಕೆಯ ವಾರವನ್ನು ನೋಡುವುದು ಮುಖ್ಯ.

ಅಳತೆಯನ್ನು ಬದಲಿಸಬೇಡಿ. ನಿಮ್ಮ ಗಾಡಿಗೆ ಮುಂದೆ 100/90-19, ಹಿಂದೆ 120/80-18; ಮೊದಲ ಅಂಕಿಯೇ ಮಿಲಿಮೀಟರಿನಲ್ಲಿ ಅಗಲ. ಅದೇ ರಿಮ್ಮಿಗೆ 140ರದ್ದನ್ನು ತುರುಕಿದರೆ ಅಂಚುಗಳು ಒಳಕ್ಕೆ ಹಿಂಡಿಕೊಂಡು ನಡುಭಾಗ ಉಬ್ಬುತ್ತದೆ, ಗಾಡಿ ವಾಲಿಸುವಾಗ ಟೈರು ವಿನ್ಯಾಸದಂತೆ ನೆಲ ಮುಟ್ಟುವುದಿಲ್ಲ. ಮೇಲಾಗಿ ಅಗಲವಾದ ಟೈರಿಗೆ ಸರಿಸಬೇಕಾದ ನೀರೂ ಹೆಚ್ಚು. ನೋಡುವುದಕ್ಕೆ ಗತ್ತಾಗಿರುತ್ತದೆ, ಅಷ್ಟೇ. ಬಟನ್ ಟೈರು ತೋಟದೊಳಗಿನ ಕೆಸರಿಗೆ ನಿಜಕ್ಕೂ ಒಳ್ಳೆಯದು, ಆದರೆ ಒದ್ದೆ ಡಾಂಬರಿನ ಮೇಲೆ ನೆಲಕ್ಕೆ ತಾಗುವ ರಬ್ಬರು ಕಡಿಮೆಯಾಗಿ, ಬ್ರೇಕ್ ಹಿಡಿದಾಗ ಗುಬ್ಬಿಗಳು ಬಾಗಿ, ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ನಿಮ್ಮನ್ನು ಕೈಬಿಟ್ಟೀತು. ದಿನದ ಓಡಾಟದಲ್ಲಿ ಮುಕ್ಕಾಲು ಪಾಲು ಕೆಸರೇ ಆಗಿದ್ದರೆ ಮಾತು ಬೇರೆ.

ಗಾಳಿ ಕಡಿಮೆ ಮಾಡುವ ಸಲಹೆಯಂತೂ ಅಪಾಯದ್ದು. ಗಾಳಿ ಇಳಿದ ಟೈರಿನ ನಡುವೆ ಗೀರುಗಳು ಮುಚ್ಚಿಕೊಂಡು ನೀರಿಗೆ ಹೋಗಲು ದಾರಿಯಿಲ್ಲದಂತಾಗುತ್ತದೆ. ಚಳಿ ತಾನಾಗಿಯೇ ಒತ್ತಡ ಇಳಿಸುತ್ತದೆ ಎಂಬುದನ್ನೂ ಗಮನಿಸಿ: ಉಷ್ಣತೆ 10 ಡಿಗ್ರಿ ಕುಸಿದರೆ ಸುಮಾರು ಒಂದೂವರೆ ಪೌಂಡ್ ಕಡಿಮೆಯಾಗುತ್ತದೆ. ಹಾಸನದ ಬಂಕಿನಲ್ಲಿ ಮಧ್ಯಾಹ್ನ, ಅದೂ ಓಡಿಸಿಕೊಂಡು ಬಂದ ಬಿಸಿ ಟೈರಿಗೆ ಲೆಕ್ಕದಂತೆ ಗಾಳಿ ಹಾಕಿಸಿ ಬಂದವರ ಗಾಡಿಯಲ್ಲಿ ಮರುದಿನ ಮುಂಜಾನೆ ಮೂರು ಪೌಂಡ್‌ವರೆಗೂ ಕೊರತೆ ಬಿದ್ದಿರಬಹುದು. ಒಂದು ಗೇಜ್ ಇಟ್ಟುಕೊಂಡು, ಗಾಡಿ ಹೊರತೆಗೆಯುವ ಮುನ್ನ, ಗಾಡಿಯ ಕೈಪಿಡಿಯಲ್ಲಿರುವ ಅಂಕಿಗೆ ಹೋಲಿಸಿ ಅಳೆಯಿರಿ.

ಹಿಂದಿನ ಚಕ್ರದ ಟೈರು ಬೇಗ ಸವೆಯುತ್ತದೆಂದು ಅದನ್ನು ಮಾತ್ರ ಬದಲಿಸುವ ರೂಢಿ ನಮ್ಮಲ್ಲಿದೆ. ಆದರೆ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ತಿರುಗಿಸುವುದೂ ಮುಂದಿನ ಚಕ್ರವೇ. ಹಿಂದಿನದು ಜಾರಿದರೆ ಗಾಡಿಯನ್ನು ಸರಿಪಡಿಸಿಕೊಳ್ಳಲು ಕ್ಷಣವಾದರೂ ಸಿಗುತ್ತದೆ, ಮುಂದಿನದು ಜಾರಿದರೆ ಸಿಗುವುದಿಲ್ಲ. ಬ್ರೇಕಿನ ಎಬಿಎಸ್ ವ್ಯವಸ್ಥೆ ಚಕ್ರ ಕಚ್ಚಿ ನಿಲ್ಲದಂತೆ ತಡೆಯುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ನಿಮ್ಮ ವಿಷಯದಲ್ಲಿ ಎರಡನ್ನೂ ಬದಲಿಸಿ. ಈ ತಿಂಗಳು ಒಂದಕ್ಕೇ ಹಣ ಹೊಂದುವುದಾದರೆ ಮುಂದಿನದನ್ನು. ಜೊತೆಗೆ ಟ್ಯೂಬೂ ಹೊಸದಿರಲಿ.

ಪ್ರಶ್ನೆ: ಸ್ಕೂಟರಿಗೆ ಹೊಸ ಟೈರು ಹಾಕಿಸಿದ ದಿನವೇ ಸಣ್ಣ ಮಳೆಗೆ ಜಾರಿ ಬಿದ್ದೆ. ಟೈರು ಕಳಪೆಯೇ? — ಬೆಂಗಳೂರಿನ ಓದುಗರು

ಉತ್ತರ: ಇರಲಾರದು. ಹೊಸ ಟೈರಿನ ಮೇಲ್ಮೈ ಅಚ್ಚಿನಿಂದ ಬಂದ ನುಣುಪಿನಲ್ಲೇ ಇರುತ್ತದೆ. ಮೊದಲ 100–150 ಕಿಲೋಮೀಟರ್ ನಿಧಾನವಾಗಿ, ಹೆಚ್ಚು ವಾಲಿಸದೆ ಓಡಿಸಿದ ಮೇಲೆಯೇ ಅದು ಒರಟಾಗುವುದು. ಅದರ ಮೇಲೆ ಬಹುದಿನದ ನಂತರದ ಸಣ್ಣ ಮಳೆ: ರಸ್ತೆಯ ಎಣ್ಣೆ ಮತ್ತು ಧೂಳು ತೊಳೆದುಹೋಗದೆ ಲೇಪವಾಗುವ ಹೊತ್ತು ಅದು. ಬಿಳಿಪಟ್ಟೆ ಮತ್ತು ಮೇಲ್ಸೇತುವೆಯ ಕಬ್ಬಿಣದ ಜೋಡುಗಳ ಮೇಲೆ ಬ್ರೇಕ್ ಹಿಡಿಯಬೇಡಿ.

ಪ್ರಶ್ನೆ: ಜೂನ್‌ನಲ್ಲಿ ಮನಾಲಿಯಿಂದ ಲೇಹ್‌ಗೆ ಹೊರಟಿದ್ದೇವೆ. ಹಿಮಕ್ಕೆಂದೇ ಬೇರೆ ಟೈರು ಬೇಕೇ? — ಹುಬ್ಬಳ್ಳಿಯ ಓದುಗರು

ಉತ್ತರ: ಬೇಡ. ಅಲ್ಲಿನ ಜಲ್ಲಿ ಮತ್ತು ಹೊಳೆದಾಟಿಗೆ ರಸ್ತೆ-ಕಚ್ಚಾದಾರಿ ಎರಡಕ್ಕೂ ಒಗ್ಗುವ ಟೈರು ಸಾಕು. ಬಾರಾಲಾಚಾ ಲಾದಂಥ ಕಣಿವೆಮಾರ್ಗಗಳಲ್ಲಿ ಬೆಳಗಿನ ಜಾವ ಹರಿವ ನೀರು ತೆಳುವಾಗಿ ಹೆಪ್ಪುಗಟ್ಟಿರುತ್ತದೆ, ಆ ಮಂಜುಗಡ್ಡೆಯ ಮೇಲೆ ಇಂಥ ಯಾವ ಟೈರೂ ನಿಲ್ಲುವುದಿಲ್ಲ. ಬಿಸಿಲು ಬೀಳುವವರೆಗೆ ಕಾಯಿರಿ, ಆದರೆ ಹಿಮ ಕರಗಿ ಹೊಳೆಗಳು ಉಕ್ಕುವ ಮಧ್ಯಾಹ್ನದವರೆಗೆ ಅಲ್ಲ. ಎತ್ತರ ಏರಿದಂತೆ ಹೊರಗಿನ ವಾಯುಭಾರ ಇಳಿಯುವುದರಿಂದ ಗೇಜು ಹೆಚ್ಚು ತೋರಿಸುತ್ತದೆ, ಚಳಿ ಅದನ್ನು ಕಡಿಮೆ ತೋರಿಸುತ್ತದೆ. ಊರಿನಲ್ಲಿ ಹಾಕಿಸಿದ ಗಾಳಿಯನ್ನು ನಂಬಿ ಕೂರದೆ ತಂಗಿದ ಕಡೆಯಲ್ಲೆಲ್ಲ ಬೆಳಗ್ಗೆ ಅಳೆದು ಸರಿಮಾಡಿಕೊಳ್ಳಿ.